ಜೇಬಿರುವ ಪರದೆ

ಟಕಟಕಟಕಟಕ... ಟಕ್.

ನಮ್ಮ ಮನೆಯಲ್ಲಿ ಬೆಳಗಾಗುವುದು ಈ ಸದ್ದಿನಿಂದ. ನನ್ನ ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಇದು. ಯಂತ್ರ ಇರುವುದು ಬೀದಿಗೆ ತೆರೆದುಕೊಂಡ ಜಗಲಿಯ ಮೇಲೆ. ಮದುವೆಯಾದ ಹೊಸತರಲ್ಲಿ ನಾನು ಅವಳ ಮುಖ ನೋಡಿ ಮನಸ್ಸು ತಿಳಿದುಕೊಳ್ಳಲು ಹೆಣಗುತ್ತಿದ್ದೆ. ಈಗ ಅಷ್ಟು ಕಷ್ಟ ಪಡುವುದಿಲ್ಲ. ಯಂತ್ರಕ್ಕೆ ಕಿವಿ ಕೊಡುತ್ತೇನೆ. ಒಂದೇ ಹದದಲ್ಲಿ ಓಡುತ್ತಿದ್ದರೆ ಸಂಸಾರ ಸುಸೂತ್ರ. ಬಿಟ್ಟುಬಿಟ್ಟು ಓಡಿದರೆ ಯಾರದೋ ಅಳತೆ ತಪ್ಪಿದೆ. ಕೊನೆಯಲ್ಲಿ ಒಂಟಿಯಾಗಿ ಒಂದು 'ಟಕ್' ಬಂದು ಸದ್ದಡಗಿದರೆ, ತಪ್ಪಿರುವುದು ನನ್ನ ಅಳತೆಯೇ ಎಂದು ತಿಳಿದು ನಾನು ಚಪ್ಪಲಿ ಹುಡುಕತೊಡಗುತ್ತೇನೆ.

ನಾನು ಬಸ್ ಡ್ರೈವರ್. ಊರ ನಡುವಿನ ನಿಲ್ದಾಣದಿಂದ ಹೊರಟು ನಮ್ಮ ಬೀದಿಯ ಬಾಯಿಯವರೆಗೆ ಬಂದು, ಅಲ್ಲಿಂದ ತಿರುಗಿ ಹೋಗುವುದು ನನ್ನ ಕೆಲಸ. 'ತಿರುಗಿ' ಎಂದು ಸಲೀಸಾಗಿ ಹೇಳಿಬಿಟ್ಟೆ. ಬೀದಿ ಕಿರಿದು, ಬಸ್ಸು ಒಳಗೆ ನುಗ್ಗುವುದಿಲ್ಲ. ಬೀದಿಯ ಬಾಯಿಗೆ ಬಸ್ಸಿನ ಬೆನ್ನನ್ನು ತೂರಿಸಿ, ಹಿಂದೆ ನಿಂತು ಸೀಟಿ ಊದುವ ಕಂಡಕ್ಟರನ್ನು ದೇವರಂತೆ ನಂಬಿ, ಒಂದು ಕಡೆ ಚರಂಡಿಯನ್ನೂ ಇನ್ನೊಂದು ಕಡೆ ಕ್ಷೌರದಂಗಡಿಯ ಕನ್ನಡಿಯನ್ನೂ ಉಳಿಸಿಕೊಂಡು ತಿರುಗಿಸಬೇಕು. ಹೀಗಾಗಿ ಇಷ್ಟು ವರ್ಷಗಳ ಸೇವೆಯಲ್ಲಿ ನನ್ನ ಬೀದಿಗೆ ನಾನು ತೋರಿಸಿರುವುದು ಬಸ್ಸಿನ ಬೆನ್ನನ್ನು ಮಾತ್ರ. ನಿವೃತ್ತಿಯಾಗುವ ಮೊದಲು, ಒಂದೇ ಒಂದು ಸಲ, ಬಸ್ಸನ್ನು ಮುಂದಿನಿಂದಲೇ ತಂದು ನನ್ನ ಮನೆಬಾಗಿಲಲ್ಲಿ ನಿಲ್ಲಿಸಿ ಹಾರ್ನ್ ಹೊಡೆಯಬೇಕು. ಅವಳು ಯಂತ್ರದಿಂದ ತಲೆಯೆತ್ತಿ ನೋಡಬೇಕು. ಇದು ನನ್ನ ಜೀವಮಾನದ ಆಸೆ. (ಅವಳಿಗೆ ಹೇಳಿದ್ದೆ. "ನೋಡಿ ಏನ್ ಮಾಡ್ಲಿ? ಟಿಕೆಟ್ ತಗೊಳ್ಲಾ?" ಎಂದಳು.)

ಇಂಥ ಆಸೆಯೊಂದು ಮೂಲೆಯಲ್ಲಿ ಸುಮ್ಮನೆ ಬಿದ್ದುಕೊಂಡಿರುವಾಗ ನಮ್ಮ ವಾರ್ಡಿಗೆ ಚುನಾವಣೆ ಬಂತು. ನಿಂತವರು ಇಬ್ಬರು. ಒಬ್ಬರು ಔಷಧಿ ಅಂಗಡಿಯವರು. ಗೆದ್ದರೆ ಬೀದಿಯನ್ನು ಎರಡೂ ಕಡೆ ಅಗಲ ಮಾಡಿ ಬಸ್ಸನ್ನು ಮನೆಮನೆಯ ಬಾಗಿಲಿಗೆ ತರುತ್ತೇವೆ ಎಂದರು. ಆ ಮಾತು ಕೇಳಿದಾಗ ನನ್ನ ಬಲಗಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುವಂತೆ ನೆಲವನ್ನು ಒತ್ತಿತು. ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಗೆದ್ದರೆ ಬೀದಿಯ ಒಂದು ಕಲ್ಲನ್ನೂ ಅಲುಗಾಡಿಸುವುದಿಲ್ಲ, ಇರುವ ಚರಂಡಿಯನ್ನೇ ಚೊಕ್ಕಟ ಮಾಡಿಸುತ್ತೇನೆ ಎಂದರು. ಇಷ್ಟು ಸಣ್ಣ ಆಶ್ವಾಸನೆಗೆ ಯಾರಾದರೂ ಓಟು ಹಾಕುತ್ತಾರೆಯೇ ಎಂದು ನಾನು ನಕ್ಕೆ.

ಜಗಲಿಯಲ್ಲಿ ಒಂಟಿ 'ಟಕ್' ಕೇಳಿಸಿತು.

"ಬೀದಿ ಅಗಲ ಮಾಡೋದು ಅಂದ್ರೆ ಎಲ್ಲಿಂದ ತಗೊಂಡು ಅಗಲ ಮಾಡ್ತಾರಂತೆ?" ಎಂದಳು.

"ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ."

"ಆ ಸ್ವಲ್ಪದ ಮೇಲೇ ನಾನು ಕೂತಿರೋದು."

ನೋಡಿದೆ. ನಿಜ. ಜಗಲಿ ಪೂರ್ತಿ ಆ 'ಸ್ವಲ್ಪ'ದೊಳಗೇ ಬರುತ್ತಿತ್ತು. ಯಂತ್ರ, ಅವಳ ಸ್ಟೂಲು, ಕತ್ತರಿ ನೇತುಹಾಕುವ ಮೊಳೆ, ಗಿರಾಕಿಗಳು ಕೂತು ಊರ ಸುದ್ದಿ ಬಿಚ್ಚುವ ಕಲ್ಲುಬೆಂಚು, ಎಲ್ಲವೂ.

"ಒಳಗೆ ಕೂತು ಹೊಲಿ. ನೆರಳಿರುತ್ತೆ" ಎಂದೆ, ಔದಾರ್ಯದಿಂದ.

"ಒಳಗಿನ ಬೆಳಕಲ್ಲಿ ಕಪ್ಪು ಯಾವುದು ಕಡುನೀಲಿ ಯಾವುದು ಗೊತ್ತಾಗಲ್ಲ. ಹೋದ ವರ್ಷ ಮಳೆ ಅಂತ ಎರಡು ದಿನ ಒಳಗೆ ಕೂತಿದ್ದೆ. ಬ್ಯಾಂಕಿನವರ ಕೋಟಿಗೆ ಒಂದು ತೋಳು ಒಂದು ಬಣ್ಣ, ಇನ್ನೊಂದು ತೋಳು ಇನ್ನೊಂದು ಬಣ್ಣ ಆಗಿತ್ತು, ನೆನಪಿದೆಯಾ? ಜಗಲಿ ಹೋದ್ರೆ ನನ್ನ ಕಣ್ಣು ಹೋದ ಹಾಗೆ. ಗಿರಾಕಿಗಳೂ ಅಷ್ಟೇ. ಬೀದಿಯಲ್ಲಿ ಹೋಗೋರು ನನ್ನ ನೋಡಿ, ಅಯ್ಯೋ ಅಂಗಿ ಗುಂಡಿ ಬಿದ್ದಿದೆ ಅಂತ ನೆನಪು ಮಾಡ್ಕೊಂಡು ಬರ್ತಾರೆ. ಅಡುಗೆಮನೆ ತನಕ ಬಂದು ಯಾರಿಗೆ ನೆನಪಾಗುತ್ತೆ?"

ಮುಂದೆ ಒಂದು ತಿಂಗಳು ನಮ್ಮ ಮನೆ ಎರಡು ಪಕ್ಷಗಳ ಕೇಂದ್ರ ಕಚೇರಿಯಾಯಿತು. ಅನ್ನ ಬಡಿಸುವಾಗ ಮೇಷ್ಟ್ರ ಗುಣಗಾನ, ಕೈ ತೊಳೆಯುವಾಗ ಔಷಧಿ ಅಂಗಡಿಯವರ ದೂರದೃಷ್ಟಿ. ನಾನು ಪ್ರಗತಿ ಎಂದರೆ ಅವಳು ಚರಂಡಿ ಎನ್ನುವಳು. ನಾನು ಭವಿಷ್ಯ ಎಂದರೆ ಅವಳು ಬೆಳಕು ಎನ್ನುವಳು. ಒಂದು ದಿನ ಸಾರಿಗೆ ಉಪ್ಪೇ ಇರಲಿಲ್ಲ. ಕೇಳಿದರೆ, "ಬಸ್ಸಲ್ಲಿ ಬರುತ್ತೆ, ಬಾಗಿಲಲ್ಲಿ ಕಾಯ್ತಾ ಇರಿ" ಎಂದಳು.

ಆಗ ನನಗೆ ಹೊಳೆಯಿತು ಆ ಮಹಾ ಉಪಾಯ. ಗೇರ್ ಬದಲಿಸುವಾಗ ಹೊಳೆದದ್ದು. ಮನೆಗೆ ಬಂದವನೇ ಹೇಳಿದೆ:

"ನೋಡು, ನೀನು ಮೇಷ್ಟ್ರಿಗೆ ಹಾಕ್ತೀಯ, ನಾನು ಔಷಧಿಗೆ ಹಾಕ್ತೀನಿ. ನಿನ್ನದು ನನ್ನದನ್ನ ಹೊಡೆದು ಹಾಕುತ್ತೆ, ನನ್ನದು ನಿನ್ನದನ್ನ. ಕೊನೆಗೆ ಉಳಿಯೋದು ಏನು?"

"ಬಿಸಿಲಲ್ಲಿ ನಿಂತ ತಲೆನೋವು."

"ಅದಕ್ಕೇ ಹೇಳೋದು. ಇಬ್ಬರೂ ಹೋಗೋದೇ ಬೇಡ. ಹೋದರೂ ಒಂದೇ, ಬಿಟ್ಟರೂ ಒಂದೇ. ಮನೆಯಲ್ಲಿ ಆರಾಮಾಗಿ ಇರೋಣ. ಜಗಳವೂ ಬೇಡ."

ಅವಳು ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿ ನನ್ನನ್ನು ನೋಡಿದಳು. ಅಳತೆ ತೆಗೆದುಕೊಳ್ಳುವಾಗ ಗಿರಾಕಿಗಳನ್ನು ನೋಡುವ ನೋಟ ಅದು. ಅವರು ಹೊಟ್ಟೆ ಒಳಗೆಳೆದುಕೊಂಡಿದ್ದಾರೋ ಇಲ್ಲವೋ ಎಂದು ನೋಡುವಂಥದ್ದು.

"ಮಾತು ತಪ್ಪಲ್ಲ ತಾನೇ?"

"ನಾನಾ? ಛೆ!"

"ಸರಿ ಹಾಗಾದ್ರೆ. ನಾನೂ ಹೋಗಲ್ಲ."

ಹೀಗೆ ನಮ್ಮ ಮನೆಯಲ್ಲಿ ದ್ವಿಪಕ್ಷೀಯ ಶಾಂತಿ ಒಪ್ಪಂದ ಜಾರಿಗೆ ಬಂತು. ಸಾರಿಗೆ ಉಪ್ಪು ಮರಳಿತು.

ಅದೇ ವಾರ ಪಕ್ಕದ ಬೀದಿಯ ಶಾಲೆಯ ಜವಾನ ಜಗಲಿಗೆ ಬಂದ. ಶಾಲೆಯಲ್ಲೇ ಮತಗಟ್ಟೆ. ಓಟು ಹಾಕುವ ಮೂಲೆಗೆ ಕಟ್ಟುವ ಹಳೆಯ ಪರದೆಯನ್ನು ಇಲಿ ತಿಂದಿದೆಯಂತೆ (ಗುಪ್ತ ಮತದಾನದ ಮೇಲೆ ಇಲಿಗೆ ಏನು ಕೋಪವೋ), ಹೊಸದೊಂದು ಬೇಕಂತೆ. ಒಂದಿಷ್ಟು ನೀಲಿ ಬಟ್ಟೆ ಕೊಟ್ಟು ಹೋದ. ಸಂಜೆ ಅವಳು, "ಬಟ್ಟೆ ಒಂದು ಗೇಣು ಸಾಲಲ್ಲ. ನಿಮ್ಮ ಹಳೇ ಯೂನಿಫಾರ್ಮ್ ಅಂಗಿ ಇತ್ತಲ್ಲ, ತಗೊಳ್ಲಾ?" ಎಂದಳು. ಶಾಂತಿಯ ಕಾಲ. "ತಗೋ ತಗೋ" ಎಂದೆ. ಟಕಟಕಟಕ ಎಂದು ಯಂತ್ರ ಒಂದೇ ಹದದಲ್ಲಿ ಓಡಿತು. ನಾನು ನೆಮ್ಮದಿಯಿಂದ ಮಲಗಿದೆ.

ಮತದಾನದ ದಿನ ಬಂತು. ನನಗೆ ರಜೆ. ನಾನು ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿರುವಾಗ ಅವಳು ಚೀಲವೊಂದನ್ನು ಹಿಡಿದು, "ಕ್ಷೌರದಂಗಡಿಯವರ ಅಂಗಿ ರೆಡಿ ಆಗಿದೆ, ಕೊಟ್ಟು ಬರ್ತೀನಿ" ಎಂದು ಹೋದಳು. ನಾನು ಗಡ್ಡ ಮುಗಿಸಿ, ಸ್ನಾನ ಮುಗಿಸಿ, ಪೇಪರನ್ನು ಸಿನಿಮಾ ಜಾಹೀರಾತಿನವರೆಗೂ ಓದಿ ಮುಗಿಸಿದ ಮೇಲೆ ಬಂದಳು. ಚೀಲ ಹೋಗುವಾಗ ಇದ್ದಷ್ಟೇ ದಪ್ಪವಾಗಿತ್ತು.

"ಅಂಗಡಿ ಮುಚ್ಚಿತ್ತು" ಎಂದಳು. ಹೋಗಿ ಯಂತ್ರದ ಮುಂದೆ ಕೂತಳು. ಕೈಹೊಲಿಗೆಯಲ್ಲಿ ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಸಣ್ಣ ಲೋಹದ ಟೋಪಿ, ಅದನ್ನು ಹಾಕಿಕೊಂಡು ಪೆಡಲ್ ತುಳಿಯತೊಡಗಿದಳು.

ಇಲ್ಲಿ ಓದುಗರು ನನ್ನನ್ನು ಕ್ಷಮಿಸಬೇಕು. ಪಕ್ಕದ ಕನ್ನಡಿ ಕೂದಲೆಳೆಯಷ್ಟು ವಾಲಿದರೂ ಬಸ್ಸು ನಿಲ್ಲಿಸಿ ಸರಿಪಡಿಸುವವನು ನಾನು. ಆದರೆ ಯಂತ್ರದಲ್ಲಿ ಹೊಲಿಯುವವಳಿಗೆ ಬೆರಳ ಟೋಪಿ ಯಾಕೆ, ದಿನವೂ ಬಲಗೈಯಲ್ಲಿರುವ ಟೋಪಿ ಇಂದು ಎಡಗೈಯ ತೋರುಬೆರಳಿಗೆ ಹೇಗೆ ಬಂತು ಎಂದು ನನಗೆ ಹೊಳೆಯಲಿಲ್ಲ. ಏಕೆಂದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೊಂದು ಬಸ್ಸು ಹೊರಟಿತ್ತು.

ಅದು ಹೀಗೆ. ಅವಳು ಹೋಗಿ ಬಂದಾಯಿತು, ಇನ್ನು ಜಗಲಿ ಬಿಟ್ಟು ಕದಲುವುದಿಲ್ಲ. ಅಂದರೆ ಮೇಷ್ಟ್ರ ಲೆಕ್ಕದಿಂದ ಒಂದು ಓಟು ಖಾಯಂ ಖೋತಾ. ಈಗ ನಾನೊಬ್ಬ ಸುಮ್ಮನೆ ಹೋಗಿ ಹಾಕಿ ಬಂದರೆ? ನನ್ನ ಓಟನ್ನು ಹೊಡೆಯಲು ಯಾರೂ ಇಲ್ಲ! ನನ್ನ ಕಣ್ಣ ಮುಂದೆ ಬೀದಿ ಅಗಲವಾಯಿತು. ಬಸ್ಸು ಬಂತು. ಹಾರ್ನ್ ಕೇಳಿಸಿತು. ಅವಳು ತಲೆಯೆತ್ತಿ ನೋಡಿದಳು. (ಎಲ್ಲಿಂದ ತಲೆಯೆತ್ತಿ, ಎಂದು ನಾನು ಆಗ ಯೋಚಿಸಲಿಲ್ಲ.)

"ಡಿಪೋಗೆ ಹೋಗಿ ಬರ್ತೀನಿ. ಬ್ರೇಕ್ ಸ್ವಲ್ಪ ಕಿರುಗುಟ್ತಾ ಇತ್ತು" ಎಂದೆ.

"ರಜೆ ದಿನವೂ?"

"ಬ್ರೇಕಿಗೆ ರಜೆ ಇಲ್ಲ ಕಣೇ."

"ಹೋಗಿ ಬನ್ನಿ. ಬಿಸಿಲಿದೆ, ಟೋಪಿ ಹಾಕ್ಕೊಳ್ಳಿ" ಎಂದಳು. ಡಿಪೋ ಪೂರ್ತಿ ನೆರಳಿನಲ್ಲಿದೆ. ಅದೂ ನನಗೆ ಹೊಳೆಯಲಿಲ್ಲ.

ಶಾಲೆಯ ಎದುರಿಗೆ, ನನ್ನ ಬಸ್ಸು ಬೆನ್ನು ತೂರಿಸುವ ಮೂಲೆಯಲ್ಲೇ ಕ್ಷೌರದಂಗಡಿ. ಬಾಗಿಲು ಹಾರು ಹೊಡೆದಿತ್ತು. ಅಂಗಡಿಯವನು ಬನಿಯನ್ನಿನಲ್ಲಿ ನಿಂತಿದ್ದ.

"ಏನ್ ಸಾರ್, ನಿಮ್ಮ ಮನೆಯವರು ಇವತ್ತು ಅಂಗಿ ಕೊಡ್ತೀನಿ ಅಂದಿದ್ರು. ಬೆಳಿಗ್ಗೆಯಿಂದ ಬಾಗಿಲು ತೆಗೆದುಕೊಂಡು ಹೀಗೇ ನಿಂತಿದ್ದೀನಿ."

"ಬರ್ತಾಳೆ, ಬರ್ತಾಳೆ" ಎಂದೆ ಅವಸರದಲ್ಲಿ. "ನೀನು ಓಟು ಹಾಕಿದೆಯಾ?"

"ನಾನು ಹಾಕಲ್ಲ ಸಾರ್. ಮೇಷ್ಟ್ರೂ ನನ್ನ ಹತ್ರಾನೇ ಬರ್ತಾರೆ, ಔಷಧಿಯವರೂ ನನ್ನ ಹತ್ರಾನೇ ಬರ್ತಾರೆ. ಒಬ್ಬರಿಗೆ ಹಾಕಿಬಿಟ್ಟೆ ಅನ್ನಿ, ಇನ್ನೊಬ್ಬರ ಗಡ್ಡ ಹೆರೆಯೋವಾಗ ಮನಸ್ಸು ಅಳುಕುತ್ತೆ. ಮನಸ್ಸು ಅಳುಕಿದರೆ ಕೈ ನಡುಗುತ್ತೆ. ಕೈ ನಡುಗಿದರೆ..." ಅವನು ತನ್ನ ಕತ್ತಿನ ಮೇಲೆ ಬೆರಳಾಡಿಸಿ ತೋರಿಸಿದ. "ಕತ್ತಿ ಕೈಯಲ್ಲಿರೋನು ಯಾರ ಕಡೆಯವನೂ ಆಗಬಾರದು ಸಾರ್."

ಇಷ್ಟು ಜವಾಬ್ದಾರಿಯುತವಾಗಿ ಓಟು ಹಾಕದ ಮನುಷ್ಯನನ್ನು ನಾನು ಕಂಡಿರಲಿಲ್ಲ. ಮನಸ್ಸಿನಲ್ಲೇ ಕೈಮುಗಿದು ಸಾಲು ಸೇರಿದೆ.

ನನ್ನ ಮುಂದೆ ಮೂಲೆಮನೆ ಅಜ್ಜಿ ನಿಂತಿದ್ದಳು. ಕೈಯಲ್ಲಿ ಕೋಲು, ಸೊಂಟದಲ್ಲಿ ಗುರುತಿನ ಚೀಟಿ, ಮುಖದಲ್ಲಿ ಮದುವೆಮನೆಗೆ ಹೊರಟ ಕಳೆ.

"ಎರಡನೇ ಸಲ ಕಣೋ ಬಂದಿರೋದು" ಎಂದಳು. "ಬೆಳಿಗ್ಗೆ ಬಂದಾಗ ಚೀಟಿ ಮರೆತು ಬಂದಿದ್ದೆ. ಹಿಂದಕ್ಕೆ ಕಳಿಸಿದರು."

"ಇಷ್ಟು ಬಿಸಿಲಲ್ಲಿ ಎರಡೆರಡು ಸಲ ಯಾಕಜ್ಜಿ? ನಿಮ್ಮ ಒಂದು ಓಟಿನಿಂದ ಏನಾಗುತ್ತೆ?"

"ಓಟಿನಿಂದ ಏನಾಗುತ್ತೋ ನಂಗೇನು ಗೊತ್ತು? ನಾನು ಬರೋದು ಆ ಪರದೆ ಹಿಂದೆ ಹೋಗೋದಕ್ಕೆ." ಅಜ್ಜಿ ದನಿ ತಗ್ಗಿಸಿದಳು. "ಮನೆಯಲ್ಲಿ ಬಚ್ಚಲಿಗೆ ಹೋದರೂ ಮೊಮ್ಮಕ್ಕಳು ಬಾಗಿಲು ಬಡೀತಾವೆ. ಮಲಗಿದರೆ ಸೊಸೆ ಬಂದು ಮಲಗಿದ್ದೀರಾ ಅಂತ ಕೇಳ್ತಾಳೆ. ಇಲ್ಲಿ ಒಂದು ಸಲ ಪರದೆ ಹಿಂದೆ ಹೋದೆ ಅಂದ್ರೆ, ಸಾಹೇಬರೂ ಬರೋ ಹಾಗಿಲ್ಲ, ಪೊಲೀಸೂ ಬರೋ ಹಾಗಿಲ್ಲ, ನನ್ನ ಮಗನೂ ಬರೋ ಹಾಗಿಲ್ಲ. ಒಳಗೆ ನಾನು ಏನು ಮಾಡಿದೆ ಅಂತ ಕೇಳೋ ಅಧಿಕಾರ ಯಾರಿಗೂ ಇಲ್ಲ. ನಂಗೆ ಅಂತ ಒಂದು ಕೋಣೆ ಇರೋದು ಅದೊಂದೇ ಕಣೋ. ಅದೂ ಐದು ವರ್ಷಕ್ಕೊಂದು ಸಲ."

ಅಜ್ಜಿ ಮುಂದುವರಿಸಿದಳು: "ಬೆಳಿಗ್ಗೆ ನಿನ್ನ ಹೆಂಡತೀನೂ..."

ಹೆಂಡತಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ನಡುವೆ ಬಾಯಿ ಹಾಕಿದೆ. "ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಅವಳಿಗೆ ಹೇಳ್ಬೇಡಿ."

"ಏನನ್ನ?"

"ನಾನು ಇಲ್ಲಿಗೆ ಬಂದಿದ್ದನ್ನ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬರಬಾರದ ಜಾಗಕ್ಕೆ ಬಂದೋನ ಹಾಗೆ ಆಡ್ತೀಯಲ್ಲೋ. ಇದು ಶಾಲೆ ಕಣೋ" ಎಂದಳು. ಅಷ್ಟರಲ್ಲಿ ಒಳಗಿನಿಂದ ಕರೆದರು. ಅವಳು ಕೋಲೂರಿಕೊಂಡು ತನ್ನ ಕೋಣೆಯೊಳಕ್ಕೆ ಹೋದಳು. ಹೊರಗೆ ಸಾಲು ಎಷ್ಟು ಗೊಣಗಿದರೂ ನಿಧಾನವಾಗಿ, ತೃಪ್ತಿಯಾಗುವಷ್ಟು ಹೊತ್ತು ಇದ್ದು ಬಂದಳು.

ನನ್ನ ಸರದಿ. ಎಡಗೈಯ ತೋರುಬೆರಳಿಗೆ ಶಾಯಿ ಬಿತ್ತು. ಪರದೆಯ ಹಿಂದೆ ಹೋದೆ. ಮೇಜಿನ ಮೇಲೆ ಮತಯಂತ್ರ. ಔಷಧಿಯವರ ಹೆಸರಿನ ಮುಂದೆ ಬೆರಳಿಟ್ಟು, ಇನ್ನೇನು ಗುಂಡಿ ಒತ್ತಬೇಕು, ಬಗ್ಗಿದವನ ಕಣ್ಣಿಗೆ ನೇರವಾಗಿ ಕಂಡಿತು: ಜೇಬು.

ನೀಲಿ ಪರದೆಯ ಅಂಚಿಗೆ ಖಾಕಿ ಪಟ್ಟಿ. ಪಟ್ಟಿಯ ನಟ್ಟನಡುವೆ, ಒಳಬದಿಗೆ, ಒಂದು ಜೇಬು. ಮತಗಟ್ಟೆಯ ಪರದೆಗೆ ಜೇಬು ಹೊಲಿದ ದೇಶ ಪ್ರಪಂಚದಲ್ಲಿ ಬೇರೆ ಇರಲಾರದು. ಅದು ನನ್ನ ಜೇಬು. ಬೇರೆ ಯಾರದೂ ಆಗಿರಲು ಸಾಧ್ಯವಿಲ್ಲ, ಏಕೆಂದರೆ ಖಾಕಿ ಜೇಬಿನ ಮೂಲೆಯಲ್ಲಿ ಹಸಿರು ದಾರದ ಹೊಲಿಗೆಗಳಿದ್ದವು.

ಆ ಹಸಿರು ದಾರದ ಕತೆ ನನಗೂ ಅವಳಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ. ಅಂಗಿ ಹಾಕಿಕೊಂಡು ಹೊರಟು ನಿಂತಾಗ ಜೇಬು ಬಾಗಿಲ ಚಿಲಕಕ್ಕೆ ಸಿಕ್ಕಿ ಪರ್ರೆಂದಿತ್ತು. ಬಿಚ್ಚಿ ಹೊಲಿಯಲು ಹೊತ್ತಿಲ್ಲ, ಖಾಕಿ ದಾರವೂ ಇಲ್ಲ. ಅವಳು ಕೈಗೆ ಸಿಕ್ಕ ಹಸಿರು ದಾರ ಪೋಣಿಸಿ, ಜಗಲಿಯ ಬೆಳಕಿಗೆ ನನ್ನನ್ನು ನಿಲ್ಲಿಸಿ, ಅಂಗಿ ನನ್ನ ಮೈಮೇಲಿರುವಂತೆಯೇ, ಎದೆಗೆ ಕೈ ಆನಿಸಿಕೊಂಡು ಹೊಲಿದಿದ್ದಳು. "ಉಸಿರು ಬಿಡಬೇಡಿ, ಸೂಜಿ ಚುಚ್ಚುತ್ತೆ" ಎಂದಿದ್ದಳು. ನಾನು ಉಸಿರು ಬಿಟ್ಟಿರಲಿಲ್ಲ. ಆ ಬೆಳಿಗ್ಗೆ ಅವಳ ತಲೆ ನನ್ನ ಗಲ್ಲಕ್ಕೆ ಅಷ್ಟು ಹತ್ತಿರವಿತ್ತು.

ಮತಗಟ್ಟೆಯಲ್ಲಿ ನಿಂತು ನಾನು ಮತ್ತೆ ಉಸಿರು ಕಟ್ಟಿಕೊಂಡಿರುವುದು ನನಗೇ ತಿಳಿಯಿತು. ಜಗಲಿ ಕೆಡವಿಸಲು ಬಂದವನನ್ನು ಜಗಲಿಯಲ್ಲಿ ಹೊಲಿದ ಜೇಬು ನೋಡುತ್ತಿತ್ತು. ಹೊರಗೆ ಯಾರೋ, "ಒಳಗಿರೋರು ನಿದ್ದೆ ಮಾಡ್ತಾ ಇದ್ದಾರಾ?" ಎಂದರು. ಬಸ್ಸು ಮನಸ್ಸಿನಲ್ಲೇ ರಿವರ್ಸ್ ತೆಗೆದುಕೊಂಡು ಬೀದಿಯ ಬಾಯಿಗೆ ಹೋಯಿತು. ನಾನು ಬೆರಳನ್ನು ಸರಿಸಿ ಮೇಷ್ಟ್ರ ಹೆಸರಿನ ಮುಂದಿನ ಗುಂಡಿ ಒತ್ತಿದೆ.

ಹೊರಗೆ ಬಂದಾಗ ಮನಸ್ಸು ಹೂವಿನಷ್ಟು ಹಗುರವಾಗಿತ್ತು. ಮಾತು ತಪ್ಪಿದ್ದೆ, ನಿಜ. ಆದರೆ ಅವಳ ಪರವಾಗಿ ತಪ್ಪಿದ್ದೆ. ಇಂಥ ತ್ಯಾಗವನ್ನು ಗಂಡಂದಿರ ಇತಿಹಾಸದಲ್ಲಿ ಯಾರು ಮಾಡಿದ್ದಾರೆ? ಬೆರಳನ್ನು ನೋಡಿಕೊಂಡೆ. ಆಗ ಹೂವು ಕಲ್ಲಾಯಿತು. ಶಾಯಿ! ತ್ಯಾಗ ಗುಪ್ತ, ಮಾತು ತಪ್ಪಿದ್ದು ಮಾತ್ರ ಬಹಿರಂಗ. ನಾನು ಯಾರಿಗೆ ಹಾಕಿದೆ ಎಂಬುದಕ್ಕೆ ಜಗತ್ತಿನಲ್ಲಿ ಸಾಕ್ಷಿಯಿಲ್ಲ. ಹಾಕಿದೆ ಎಂಬುದಕ್ಕೆ ಉಗುರಿನ ಮೇಲೇ ಮೊಹರಿದೆ.

ಸೀದಾ ಡಿಪೋಗೆ ಹೋಗಿ, ಬಸ್ಸಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ಬ್ಯಾಂಡೇಜು ತೆಗೆದು ಬೆರಳಿಗೆ ಸುತ್ತಿದೆ. ಗಾಬರಿಯಲ್ಲಿ ಸ್ವಲ್ಪ ಹೆಚ್ಚೇ ಸುತ್ತಿದೆ. ಬೆರಳು ಬದನೆಕಾಯಿಯ ಗಾತ್ರಕ್ಕೆ ಬಂತು.

"ಏನಾಯ್ತು?" ಎಂದಳು, ಪೆಡಲ್ ನಿಲ್ಲಿಸದೆ.

"ಬಾನೆಟ್ ಮುಚ್ಚೋವಾಗ ಸಿಕ್ಕಿಹಾಕ್ಕೊಳ್ತು."

"ಬ್ರೇಕ್ ನೋಡೋಕೆ ಹೋದೋರು ಬಾನೆಟ್ ಯಾಕೆ ತೆಗೆದಿರಿ?"

"ಬ್ರೇಕ್ ಎಣ್ಣೆ ನೋಡ್ಬೇಕಿತ್ತು."

"ಎಲ್ಲಿ, ಬಿಚ್ಚಿ. ಬಿಸಿನೀರಲ್ಲಿ ತೊಳೀತೀನಿ."

"ಬೇಡ ಬೇಡ. ಗಾಳಿ ತಾಗಬಾರದು ಅಂದಿದ್ದಾರೆ."

"ಯಾರು?"

"ಕಂಡಕ್ಟರು."

ಅವಳು ಎದ್ದು ಊಟ ಬಡಿಸಿದಳು. ಮೊಸರು ಹೆಚ್ಚಾಗಿಯೇ ಹಾಕಿದಳು. ಆಮೇಲೆ ಸೂಜಿ ದಾರ ತಂದು ನನ್ನ ಮುಂದೆ ಹಿಡಿದಳು. ದಾರ ಪೋಣಿಸಿಕೊಡುವುದು ಈಚೀಚೆಗೆ ನನ್ನ ಕೆಲಸ. ದೂರದ್ದು ಅವಳಿಗೆ ಕಾಣುತ್ತದೆ, ಹತ್ತಿರದ್ದು ನನಗೆ. ನಾನು ಬದನೆಕಾಯಿಗೂ ಹೆಬ್ಬೆರಳಿಗೂ ನಡುವೆ ಸೂಜಿ ಹಿಡಿಯಲು ಹೋದೆ. ಸೂಜಿ ಜಾರಿ ತಟ್ಟೆಗೆ ಬಿತ್ತು. ಎತ್ತಿದೆ, ಮೊಸರಿಗೆ ಬಿತ್ತು. ತೊಳೆದು ತಂದೆ, ಈ ಸಲ ನನ್ನ ಮಡಿಲಿಗೆ ಬಿದ್ದು ತನ್ನ ಇರವನ್ನು ತೀಕ್ಷ್ಣವಾಗಿ ತಿಳಿಸಿತು.

ಅವಳು ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದಳು. ಬೆರಳ ಟೋಪಿ ಹೊಳೆಯುತ್ತಿತ್ತು.

"ತುಂಬಾ ನೋವಾ?"

"ಸ್ವಲ್ಪ."

"ಬೆರಳಲ್ಲೇ ತಾನೇ?"

"ಇನ್ನೆಲ್ಲಿ?"

"ಹಾಗಾದ್ರೆ ಬೇಗ ವಾಸಿ ಆಗುತ್ತೆ" ಎಂದಳು.

ಸಂಜೆ, ಹರಿದ ಸೆರಗು ಹಿಡಿದು ಅಜ್ಜಿ ಜಗಲಿಗೆ ಬಂದಳು. ನಾನು ಎದ್ದು ಒಳಗೆ ಹೋಗುವಷ್ಟರಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಶುರುಮಾಡಿಬಿಟ್ಟಳು.

"ಅಲ್ಲ ಕಣ್ರೋ, ಒಂದೇ ಮನೆಯೋರು, ಜೊತೆಗೆ ಬರೋದಕ್ಕೇನು? ಅವಳು ನೋಡಿದರೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ. ಇವನು ನೋಡಿದರೆ ನಡುಮಧ್ಯಾಹ್ನ, ಅದೂ ಕಳ್ಳನ ಹಾಗೆ. ಗಂಡ ಹೆಂಡತಿ ಸಾಲಲ್ಲಿ ಜೊತೆಗೆ ನಿಂತರೆ ಮಾತಾಡ್ತಾ ಹೊತ್ತು ಹೋಗುತ್ತಪ್ಪ."

ಟಕ್.

ಅಜ್ಜಿ ನಮ್ಮಿಬ್ಬರ ಮುಖ ನೋಡಿದಳು. ಸೆರಗನ್ನು ಯಂತ್ರದ ಮೇಲಿಟ್ಟು, "ನಾಳೆ ಬರ್ತೀನಿ" ಎಂದು, ಬಂದದ್ದಕ್ಕಿಂತ ಚುರುಕಾಗಿ ಹೋದಳು.

ನಾನು ಬ್ಯಾಂಡೇಜು ನೋಡಿದೆ. ಅವಳು ಬೆರಳ ಟೋಪಿ ನೋಡಿದಳು. ಆಮೇಲೆ ನಾನು ಟೋಪಿ ನೋಡಿದೆ. ಎಡಗೈಯಲ್ಲಿತ್ತು! ಅಂತೂ ಹೊಳೆಯಿತು.

"ತೆಗಿ" ಎಂದೆ, ಗುಡುಗುವ ದನಿಯಲ್ಲಿ.

"ನೀವು ಮೊದಲು ಬಿಚ್ಚಿ."

ಬಿಚ್ಚಿದೆ. ಸುತ್ತು ಬಹಳ ಇದ್ದುದರಿಂದ ತಡವಾಯಿತು. ಗುಡುಗು ಅಷ್ಟು ಹೊತ್ತು ನಿಲ್ಲಲಿಲ್ಲ. ಅವಳು ಟೋಪಿ ತೆಗೆದಳು. ಎರಡು ಬೆರಳು, ಎರಡು ಕಪ್ಪು ಗೆರೆ, ಅಕ್ಕಪಕ್ಕ.

"ಅಂದ್ರೆ ಕ್ಷೌರದಂಗಡಿ ಮುಚ್ಚಿತ್ತು ಅನ್ನೋದು..."

"ಬಾನೆಟ್ಟಿನ ತಂಗಿ" ಎಂದಳು.

ನನಗೆ ರೋಷ ಬಂತು. ಆದರೆ ನನ್ನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಅದನ್ನು ನಿಧಾನವಾಗಿ ಹೊರತೆಗೆದೆ.

"ಮಾತು ತಪ್ಪಿದ್ದು ಇಬ್ಬರೂ. ಒಪ್ತೀನಿ. ಆದರೆ ನಾನು ಯಾರಿಗೆ ಹಾಕಿದೆ ಗೊತ್ತಾ ನಿಂಗೆ?"

"ಮೇಷ್ಟ್ರಿಗೆ."

ಬ್ರಹ್ಮಾಸ್ತ್ರ ಬಿಲ್ಲಿನಲ್ಲೇ ಮುರಿಯಿತು. "ನಿಂಗೆ ಹೇಗೆ ಗೊತ್ತು?"

"ಜೇಬು ಕಾಣಿಸ್ತಾ? ಬಗ್ಗಿದರೆ ಕಣ್ಣಿಗೆ ನೇರ ಬರಬೇಕು ಅಂತ ಅಂದಾಜು ಮಾಡಿದ್ದೆ. ಬೆಳಿಗ್ಗೆ ಹೋದಾಗ ನೋಡಿದರೆ ತಿರುಗು ಮುರುಗು ಕಟ್ಟಿದ್ರು, ಜೇಬು ಆಚೆ ಕಡೆ. ಪಾಪ, ಅವರಿಗೇನು ಗೊತ್ತು? ಹೊಲಿಗೆ ಒಳಗೆ ಬರಬೇಕು ಸಾರ್ ಅಂತ ಹೇಳಿ ತಿರುಗಿಸಿ ಕಟ್ಟಿಸಿ ಬಂದೆ."

"ಬಟ್ಟೆ ಒಂದು ಗೇಣು ಸಾಲಲಿಲ್ಲ ಅಂದೆ!"

"ಸಾಲಲಿಲ್ಲ, ನಿಜವೇ. ಅಂಗಿಯ ಬೆನ್ನಿನ ಕಡೆ ಬಟ್ಟೆ ಹಾಕಿದ್ದರೂ ಸಾಕಾಗಿತ್ತು" ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ನೀವು ಹೋಗೇ ಹೋಗ್ತೀರಿ ಅಂತ ಗೊತ್ತಿತ್ತು ಕಣ್ರೀ. ನಂಗೆ ಹೆದರಿಕೆ ಆಗಿತ್ತು. ಈ ಜಗಲಿ ಬಿಟ್ಟರೆ ನಂಗೆ ಕೂರೋಕೆ ಬೇರೆ ಜಾಗ ಇಲ್ಲ. ಬಾಯಲ್ಲಿ ಹೇಳಿದರೆ ನಿಮಗೆ ಬಸ್ಸಿನ ಸದ್ದಲ್ಲಿ ಕೇಳಿಸ್ತಾ ಇರಲಿಲ್ಲ."

ನಾನು ಬಿಚ್ಚಿದ ಬ್ಯಾಂಡೇಜನ್ನು ಉಂಡೆಮಾಡಿ ಬದಿಗಿಟ್ಟೆ. ಆಮೇಲೆ ಒಂದು ಕೊನೆಯ ಆಸೆ ತಲೆಯೆತ್ತಿತು. ಹೆಂಡತಿಗಾಗಿ ಗಂಡ ಕರಗಿದ್ದಾನೆ. ಗಂಡನಿಗಾಗಿ ಹೆಂಡತಿಯೂ ಕರಗಿರಬಹುದಲ್ಲವೇ? ಎಷ್ಟು ಮೃದುವಾಗಿ ಸಾಧ್ಯವೋ ಅಷ್ಟು ಮೃದುವಾಗಿ ಕೇಳಿದೆ:

"ನೀನು... ನನ್ನ ಬಸ್ಸಿಗೆ ಹಾಕಿದೆಯಾ?"

"ನಾನ್ಯಾಕೆ ಹಾಕ್ಲಿ?" ಎಂದಳು ಆಶ್ಚರ್ಯದಿಂದ. "ಮೇಷ್ಟ್ರಿಗೇ ಹಾಕಿದೆ. ಅಲ್ಲಿ ನಿಮ್ಮ ಜೇಬಿತ್ತು. ನನ್ನದೇನಿತ್ತು?"

ಹೀಗೆ, ಒಂದೂ ಓಟು ಹೊರಗೆ ಹೋಗಬಾರದೆಂದು ನಾನೇ ಹೊಸೆದ ಒಪ್ಪಂದದ ಫಲವಾಗಿ, ನಮ್ಮ ಮನೆಯ ಎರಡೂ ಓಟುಗಳು ಒಂದೇ ಕಡೆಗೆ, ಅಂದರೆ ನಾನಿಲ್ಲದ ಕಡೆಗೆ ಹೋದವು.

ಫಲಿತಾಂಶ ಬಂತು. ಮೇಷ್ಟ್ರು ಗೆದ್ದರು. ಒಂದು ಓಟಿನಿಂದ ಗೆದ್ದಿದ್ದರೆ ಗೆಲ್ಲಿಸಿದವನು ನಾನೇ ಎಂದು ಬೀದಿಯಲ್ಲಿ ಎದೆ ಸೆಟೆಸಿ ನಡೆಯಬಹುದಿತ್ತು. ಆದರೆ ಅವರು ಗೆದ್ದ ಅಂತರ ನೋಡಿದರೆ, ನಾನು, ಅವಳು, ಅಜ್ಜಿ, ಅಜ್ಜಿಯ ಸೊಸೆ ಎಲ್ಲರೂ ಹೊದ್ದು ಮಲಗಿದ್ದರೂ ಗೆಲ್ಲುತ್ತಿದ್ದರು. ಚರಂಡಿಯಂಥ ಸಣ್ಣ ಆಶ್ವಾಸನೆಗೆ ಇಷ್ಟು ಜನ ಓಟು ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬಸ್ಸು ಇನ್ನು ಬಾಗಿಲಿಗೆ ಬರುವುದೇ ಇಲ್ಲ. ಆದರೂ ಸೋತ ಗಂಡನಿಗೆ ಒಂದು ವಾದ ಉಳಿದಿರುತ್ತದೆ. ಅದನ್ನು ಹಿಡಿದು ಜಗಲಿಗೆ ಹೋದೆ. ಅವಳು ನನ್ನ ಹೊಸ ಯೂನಿಫಾರ್ಮ್ ಪ್ಯಾಂಟಿನ ಹೊಲಿಗೆ ಬಿಗಿ ಮಾಡುತ್ತಿದ್ದಳು.

"ನೋಡಿದೆಯಾ? ನಾನು ಹೇಳಿದ್ದೇ ನಿಜ ಆಯ್ತು. ನಾವಿಬ್ಬರೂ ಹೋಗದೇ ಇದ್ದಿದ್ದರೂ ಅಷ್ಟೇ. ನಮ್ಮ ಓಟಿಗೆ ಲೆಕ್ಕವೇ ಇಲ್ಲ."

ಅವಳು ಪ್ಯಾಂಟನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದರಲ್ಲಿ ಎಷ್ಟೊಂದು ಹೊಲಿಗೆ ಇದೆ ನೋಡಿ. ಒಂದು ಬಿಚ್ಚಿದರೆ ಏನಾಗುತ್ತೆ?"

"ಏನೂ ಆಗಲ್ಲ."

"ಏನೂ ಆಗಲ್ಲ ಅಲ್ವಾ? ಸರಿ." ಕತ್ತರಿ ಕೈಗೆತ್ತಿಕೊಂಡಳು. "ನಾಳೆ ಬೆಳಿಗ್ಗೆ ಇದನ್ನೇ ಹಾಕ್ಕೊಂಡು ತುಂಬಿದ ಬಸ್ಸಿಗೆ ಹತ್ತಬೇಕು ನೀವು. ಯಾವ ಜಾಗದ್ದು ಬಿಚ್ಚಲಿ, ನೀವೇ ಆರಿಸಿ."

ಪ್ಯಾಂಟಿನ ಹಿತದೃಷ್ಟಿಯಿಂದ ವಿಷಯ ಬದಲಿಸಿದೆ.

"ಅದಿರಲಿ. ಮುಂದಿನ ಚುನಾವಣೆಗೆ ಏನು ಮಾಡೋಣ ಅಂತ ಈಗಲೇ ಮಾತಾಡಿಬಿಡೋಣ. ಇಬ್ಬರೂ ಅವರವರ ಪಾಡಿಗೆ ಹೋಗಿ ಅವರವರ ಓಟು..."

"ಬೇಡಪ್ಪ. ಒಪ್ಪಂದವೇ ಚೆನ್ನಾಗಿದೆ. ಮುಂದಿನ ಸಲವೂ ಅದನ್ನೇ ಮಾಡ್ಕೊಳ್ಳೋಣ. ನಿಮ್ಮ ಹಳೇ ಅಂಗಿ ಇನ್ನೂ ಇದೆ, ಒಂದು ತೋಳೂ ಕಾಲರೂ ಉಳಿದಿದೆ."

"ಏ, ಹಾಗಲ್ಲ, ಇಲ್ಲಿ ಕೇಳು. ಪ್ರಜಾಪ್ರಭುತ್ವ ಅಂದ್ರೆ ಏನು? ಪ್ರತಿಯೊಬ್ಬನೂ, ಅಂದರೆ ಗಂಡನೂ ಸೇರಿ, ಯಾವ ಒತ್ತಡಕ್ಕೂ, ಯಾವ ಜೇಬಿಗೂ ಮಣಿಯದೆ, ತನ್ನ ಸ್ವಂತ..."

ಬೀದಿಯ ತುದಿಯಲ್ಲಿ ಕ್ಷೌರದಂಗಡಿಯವನು ಇನ್ನೂ ಬನಿಯನ್ನಿನಲ್ಲೇ ನಿಂತು ಕೈಬೀಸುತ್ತಿದ್ದ. ಅವಳು ಮೊಳೆಯಿಂದ ಅವನ ಅಂಗಿಯ ಚೀಲ ತೆಗೆದುಕೊಂಡು, ಪ್ಯಾಂಟನ್ನು ನನ್ನ ಮಡಿಲಿಗೆ ಹಾಕಿ, ಜಗಲಿ ಇಳಿದು ಆ ಕಿರಿದಾದ ಬೀದಿಯ ನಟ್ಟನಡುವೆ, ಎರಡೂ ಕಡೆ ಸಾಕಷ್ಟು ಜಾಗ ಬಿಟ್ಟುಕೊಂಡು, ನಡೆದು ಹೋದಳು.